ಬರಿಗಾಲಿನ ಕಾಲಂ

ಬೋಲ್ನೆಸ್‌ನಲ್ಲಿ ಜನವರಿಯೆಂದರೆ ಮೂರು ಗಂಟೆಗೇ ಕತ್ತಲು.
ಫರ್ರುಖನ ಪಿಜ್ಜಾ ಅಂಗಡಿಯ ಹಿಂದಿನ ಕೋಣೆ,
ಹಿಟ್ಟಿನ ಮೂಟೆ ಸರಿಸಿ ಹಾಕಿದ ಐದು ಕುರ್ಚಿ.
ಒಂದರ ಕಾಲು ಗಿಡ್ಡ. ಅದರಲ್ಲಿ ನಾನು.

ಇಷ್ಟು ವರ್ಷ ನಾವು ಒಬ್ಬರಿಗೊಬ್ಬರು
ಬೆನ್ನುಗಳಾಗಿ ಮಾತ್ರ ಪರಿಚಯ:
ಶನಿವಾರ, ತಂಬಾಕು ಅಂಗಡಿಯ ಕೌಂಟರು,
ಎರಡು ಚಕ್ರದ ಗಾಡಿಯೆಳೆದು ಓಡುವ ಕುದುರೆಗಳ ಹೆಸರನ್ನು
ಅಂಗೈ ಮರೆಯಲ್ಲಿ ಗುರುತು ಹಾಕುವ ಭುಜಗಳು,
ಪರೀಕ್ಷೆಯಲ್ಲಿ ಪಕ್ಕದವನಿಗೆ ಉತ್ತರ ಕಾಣದಂತೆ ಬಗ್ಗುವ ಹುಡುಗರ ಹಾಗೆ.
ಉತ್ತರ ತಪ್ಪೇ ಇರುತ್ತಿತ್ತು ಅನ್ನುವುದು ಬೇರೆ ಮಾತು.

ಕರೆದವಳು ಯೋರ್ಡಿಸ್,
ಮೂವತ್ತೊಂದು ವರ್ಷ ಅಂಚೆ ವಿಂಗಡಿಸಿದ ಕೈ.
"ಒಬ್ಬೊಬ್ಬರೂ ಒಂದೊಂದು ಕಾಲು ನೋಡಿ
ಇಡೀ ಕುದುರೆ ಗೊತ್ತು ಅಂದುಕೊಂಡಿದ್ದೇವೆ," ಅಂದಳು.
"ಕಾಲುಗಳನ್ನು ಒಂದೇ ಮೇಜಿಗೆ ತನ್ನಿ."

ಹಂಚಿಕೊಂಡೆವು.
ವೇಯ್ಕೊಗೆ ಟ್ರ್ಯಾಕಿನ ಹೆಪ್ಪು. ಹಿಮ ತಳ್ಳುವ ಲಾರಿ ಓಡಿಸುವವನು,
ನೆಲದ ಗಟ್ಟಿಯನ್ನು ಬೂಟಿನ ಹಿಮ್ಮಡಿಯಲ್ಲೇ ಹೇಳುತ್ತಾನೆ,
ಅಂಕಿಯಲ್ಲಿ ಹೇಳು ಅಂದರೆ ಬೆವರುತ್ತಾನೆ.
ಸಿಕ್ಸ್ಟೆನ್‌ಗೆ ಮೊದಲ ಐನೂರು ಮೀಟರಿನ ವೇಳೆ:
ಸ್ಕೀ ಕಲಿಸುತ್ತಿದ್ದ ಕಾಲದ ಗಡಿಯಾರ,
ಸೊನ್ನೆಗೆ ಮರಳುವಾಗ ತುಸು ತಡವರಿಸುತ್ತದೆ, ಅವನಂತೆಯೇ.
ಯೋರ್ಡಿಸ್‌ಗೆ ಗಾಡಿ ಓಡಿಸುವವರ ಚರಿತ್ರೆ.
ನನಗೆ ಲಾಳ: ಯಾವ ಕುದುರೆ ಅದನ್ನು ಕಳಚಿ ಓಡುತ್ತದೆ,
ಮುಂದಿನೆರಡೋ, ನಾಲ್ಕೂ ಬರಿಗಾಲೋ.
ಬಸ್ ಡ್ರೈವರನಿಗೆ ಟಯರಿನ ಖಾತೆಯೇ ಬಂತು ಎಂದು ನಕ್ಕರು.
ಚಳಿಗಾಲದಲ್ಲಿ ಬರಿಗಾಲಿಗೆ ನಿಷೇಧ; ಮಾರ್ಚಿನವರೆಗೆ
ನನ್ನ ಕಾಲಮ್ಮಿಗೆ ಕೆಲಸವಿಲ್ಲ.

ಫರ್ರುಖನಿಗೆ ಲೆಕ್ಕ.
ಶಿರಾಜಿನಲ್ಲಿ ಲೆಕ್ಕ ತಪಾಸಣೆ ಮಾಡುತ್ತಿದ್ದನಂತೆ.
ಹದಿನೆಂಟು ವರ್ಷದಲ್ಲಿ ಇಲ್ಲಿ ಯಾರೂ ಕೇಳಿರಲಿಲ್ಲ.
"ಕುದುರೆ ಆಮೇಲೆ," ಅಂದ. "ಮೊದಲ ಪುಟ ನಮ್ಮದು.
ಈವರೆಗೆ ಎಷ್ಟು ಹೋಯಿತು?"

ಒಲೆಯ ಫ್ಯಾನಿನ ಸದ್ದು.
ಗೆದ್ದದ್ದಕ್ಕೆ ಊರೆಲ್ಲ ನೆಂಟರು,
ಸೋತದ್ದಕ್ಕೆ ಸ್ವಂತ ಮನೆಯಲ್ಲೇ ಗುರುತಿಲ್ಲ.
ವೇಯ್ಕೊ ಸೂರು ನೋಡಿದ.
ಸಿಕ್ಸ್ಟೆನ್ ಗಡಿಯಾರಕ್ಕೆ ಬೇಡದ ಕೀಲಿ ಕೊಟ್ಟ.
ನಾನು ಕುರ್ಚಿಯನ್ನು ಆ ಕಡೆ ವಾಲಿಸಿದೆ, ಈ ಕಡೆ ವಾಲಿಸಿದೆ.

ಯೋರ್ಡಿಸ್ ಬರೆದಳು,
ಡಬ್ಬಿಗೆ ಕಾಗದ ಹಾಕುವಷ್ಟು ಸಲೀಸಾಗಿ.
ಆರು ಅಂಕಿ. ಕೊನೆಯವೆರಡು ಸೊನ್ನೆಯಲ್ಲ.
ಅಂದರೆ ಅಂದಾಜಲ್ಲ.
ಅಂದರೆ ಇಷ್ಟು ವರ್ಷವೂ ಅವಳಿಗೆ ಗೊತ್ತಿತ್ತು.

ನಾನೊಂದು ಬರೆದೆ. ಹೊಡೆದುಹಾಕಿ ಇನ್ನೊಂದು ಬರೆದೆ.
ಮೊದಲನೆಯದು ಹೆಂಡತಿಗೆ ಹೇಳಿದ್ದು.
ಹಾಳೆ ಹರಿದುಬಿಡುತ್ತೇನೆ ಅಂದರೆ ಫರ್ರುಖ ಬಿಡಲಿಲ್ಲ:
"ಕಾಟೂ ದಾಖಲೆಯೇ."

ಮೇ ತಿಂಗಳವರೆಗೆ ಯಾರೂ ಒಂದು ಕ್ರೋನ ಕಟ್ಟಬಾರದು,
ಬರೆಯುವುದಷ್ಟೇ, ಎಂದು ನಿಯಮವಾಯಿತು.
ಫೆಬ್ರವರಿಯಲ್ಲಿ ವೇಯ್ಕೊ ಕದ್ದು ಕಟ್ಟಿದ.
ಕಟ್ಟಿದ್ದು ಹೋಗಲಿ, ಗೆದ್ದ!
ಎಲ್ಲರಿಗೂ ಕೆನೆ ತುಂಬಿದ ಬನ್ನು ತಂದ, ಮುಖ ಕೆಂಪಗೆ ಮಾಡಿಕೊಂಡು.
ಅವನ ಗೆಲುವಿನ ಮುಂದೆ 'ಒಂದು ಸಲ ಸಾಲದು' ಎಂದು ಬರೆದು
ಬನ್ನು ತಿಂದೆವು. ಮೂಗಿನ ಮೇಲೆಲ್ಲ ಸಕ್ಕರೆ ಪುಡಿ.

ನಾನೋ, ವಾರ ವಾರ ಒಂದೇ ಮಾತು ಬರೆಯುತ್ತಿದ್ದೆ:
ಲಾಳ ಇದೆ. ಲಾಳ ಇದೆ. ಲಾಳ ಇದೆ.
ಮಗಳು ಇಣುಕಿ, ಇದೇನಪ್ಪ, ಇಂಪೊಸಿಷನ್ನೇ? ಅಂದಳು.

ಮಾರ್ಚ್ ಬಂತು. ಲಾಯದ ಬಳಿ ನಿಂತಿದ್ದೆ.
ಲಾಳದವನು ಮೊಣಕಾಲ ನಡುವೆ ಗೊರಸು ಹಿಡಿದು
ಮೊಳೆ ಒಂದೊಂದೇ ಕಿತ್ತ. ಕಬ್ಬಿಣ ಬಕೆಟ್ಟಿಗೆ ಬಿತ್ತು.
ಕಂದು ಹೆಣ್ಣುಕುದುರೆ, ಮೈಯಿಂದ ಹಬೆ,
ಬರಿಗಾಲನ್ನು ಇಳಿಸಿ, ಎತ್ತಿ, ಮತ್ತೆ ಇಳಿಸಿತು,
ನಿದ್ದೆಯಿಂದೆದ್ದವರು ಚಪ್ಪಲಿ ತಡಕುವ ಹಾಗೆ.
ಹಣ ಕಟ್ಟುವ ಕಿಟಕಿ ಇಪ್ಪತ್ತು ಹೆಜ್ಜೆ.
ಎಣಿಸಿದ್ದೆ, ಸುಳ್ಳೇಕೆ.
ಬೆರಳು ಮರಗಟ್ಟಿದ್ದವು, ಪೆನ್ನು ಮೂಡಲಿಲ್ಲ,
ಬಾಯಿಯಲ್ಲಿ ಊದಿ ಬೆಚ್ಚಗೆ ಮಾಡಿ ಬರೆದೆ: ನಾಲ್ಕೂ.

ಅದು ಗೆದ್ದಿತೋ ಇಲ್ಲವೋ ನೋಡಲಿಲ್ಲ.
ಅದು ಫರ್ರುಖನ ಕಾಲಂ.